ಕಲ್ಲಿದ್ದಲ ನೆಲಮಾಳಿಗೆಯ ಹುಡುಗರು

ಲಿವರ್‌ಪೂಲಿನ ಲೈಮ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದ ಪ್ರವಾಸಿಗಳು ಸಾಮಾನ್ಯವಾಗಿ ಮೊದಲು ಹೋಗುವುದು ಮ್ಯಾಥ್ಯೂ ಸ್ಟ್ರೀಟಿಗೆ, ಕ್ಯಾವರ್ನ್ ಕ್ಲಬ್ಬಿನ ಕಡೆಗೆ. ನಾನು ಹಿಡಿದದ್ದು ಊರಾಚೆಯ ವುಲ್ಟನ್ ಬಡಾವಣೆಗೆ ಹೋಗುವ ಬಸ್ಸು. ಜಗತ್ತೆಲ್ಲ ಕಂಡ ಬೀಟಲ್ಸ್‌ಗಿಂತ ಮುಂಚೆ ಈ ಊರಲ್ಲಿ ಇನ್ನೊಂದು ತಂಡವಿತ್ತು. ಅದರಲ್ಲಿದ್ದವರೆಲ್ಲ ಹದಿನೈದು, ಹದಿನಾರರ ಶಾಲಾ ಹುಡುಗರು. ಗಿಟಾರಿನ ತಂತಿಯನ್ನು ಸರಿಯಾಗಿ ಶ್ರುತಿ ಮಾಡುವುದೂ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ತಂಡದ ಹೆಸರು ಕ್ವಾರಿಮೆನ್. ನಾನು ನೋಡಲು ಬಂದಿದ್ದು ಆ ಹುಡುಗರು ಕೂತು ಬಾರಿಸಿದ ಮೂಲೆಗಳನ್ನು.

ಇದಕ್ಕೊಂದು ಕಾರಣವಿದೆ. ತೊಂಬತ್ತರ ದಶಕದ ಮೊದಲಲ್ಲಿ, ಮೈಸೂರಿನ ಸರಸ್ವತಿಪುರಂನ ಒಂದು ಕಾರ್ ಶೆಡ್ಡಿನಲ್ಲಿ ನಾವು ನಾಲ್ವರು ರಾಕ್ ಬ್ಯಾಂಡ್ ಕಟ್ಟಿದ್ದೆವು. ನಾನು ಡ್ರಮ್ಸ್. ಮದುವೆ ಮೆರವಣಿಗೆಗೆ ಹೋಗುವ ಬ್ಯಾಂಡ್‌ಸೆಟ್ಟಿನವರಿಂದ ಬಾಡಿಗೆಗೆ ತಂದ ಎರಡು ಡ್ರಮ್ಮು, ಒಂದು ಜೊತೆ ತಾಳ, ಕೂರಲು ಮಗುಚಿದ ಬಕೆಟ್ಟು. ಶೆಡ್ಡಿನಲ್ಲಿ ಗೆಳೆಯನ ತಾತನ ಕಾಲದ ಫಿಯಟ್ ಕಾರಿತ್ತು. ತಾತ ಹೋದ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಸಂಜೆ ನಾವೇ ಅದನ್ನು ಹಿಂದಕ್ಕೆ ತಳ್ಳಿ ಹೊರಗೆ ನಿಲ್ಲಿಸಿ, ಆ ಜಾಗದಲ್ಲಿ ಆಂಪ್ಲಿಫೈಯರ್ ಇಡುತ್ತಿದ್ದೆವು. ರಾತ್ರಿ ಮತ್ತೆ ಒಳಗೆ ತಳ್ಳುತ್ತಿದ್ದೆವು. ಮನೆಯ ಅಜ್ಜಿ ಹಾಕಿದ್ದ ಷರತ್ತು ಒಂದೇ: "ನಾಲ್ಕು ಗಂಟೆವರೆಗೂ ಬಾರಿಸ್ಬೇಡಿ ಕಣ್ರೋ, ಮಲಗಿರ್ತೀನಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ." ಆ ಮಾತಿನ ಬೆಲೆ ನನಗೆ ಪೂರ್ತಿ ತಿಳಿದಿದ್ದು ಲಿವರ್‌ಪೂಲಿನಲ್ಲಿ.

ವುಲ್ಟನ್ ಒಂದು ಕಾಲಕ್ಕೆ ಬೇರೆಯೇ ಹಳ್ಳಿಯಾಗಿತ್ತು. ಕೆಂಪು ಮರಳುಗಲ್ಲಿನ ಗಣಿಯಿದ್ದ ಊರು. ಹತ್ತಿರದ ಶಾಲೆಯ ಹೆಸರು ಆಗ ಕ್ವಾರಿ ಬ್ಯಾಂಕ್. ಹುಡುಗರು ಬ್ಯಾಂಡಿಗೆ ಹೆಸರು ತೆಗೆದುಕೊಂಡಿದ್ದು ಅಲ್ಲಿಂದ. ಸೇಂಟ್ ಪೀಟರ್ಸ್ ಚರ್ಚು ಅದೇ ಕೆಂಪು ಕಲ್ಲಿನದು, ಚೌಕ ಗೋಪುರ ದೂರದಿಂದಲೇ ಕಾಣುತ್ತದೆ. ಚರ್ಚಿನ ಅಂಗಳದ ಸಮಾಧಿಗಳ ನಡುವೆ ಎಲೀನರ್ ರಿಗ್ಬಿ ಎಂಬ ಹೆಸರು ಕೆತ್ತಿದ ಕಲ್ಲಿದೆ. 1939ರ ಅಕ್ಟೋಬರ್‌ನಲ್ಲಿ, 44ನೇ ವಯಸ್ಸಿನಲ್ಲಿ ತೀರಿಕೊಂಡ ಹೆಂಗಸು. ಆ ಹೆಸರಿನ ಹಾಡು ಬಂದದ್ದು 1966ರಲ್ಲಿ. ಕಲ್ಲನ್ನು ನೋಡಲು ಬಂದವರ ಸಣ್ಣ ಗುಂಪು ಅಲ್ಲಿತ್ತು. ನಾನು ಅವರನ್ನು ದಾಟಿ ಚರ್ಚಿನ ಹಿಂದಿನ ಮೈದಾನದ ಅಂಚಿಗೆ ಹೋಗಿ ನಿಂತೆ.

1957ರ ಜುಲೈ 6, ಶನಿವಾರ. ಚರ್ಚಿನ ವಾರ್ಷಿಕ ಜಾತ್ರೆ. ಗುಲಾಬಿ ರಾಣಿಯಾಗಿ ಆಯ್ಕೆಯಾದ ಹುಡುಗಿಗೆ ಕಿರೀಟಧಾರಣೆ, ಸೇನೆಯ ವಾದ್ಯವೃಂದ, ಪೊಲೀಸ್ ನಾಯಿಗಳ ಪ್ರದರ್ಶನ. ಇವುಗಳ ನಡುವೆ ಶಾಲಾ ಹುಡುಗರಿಗೂ ಒಂದು ಅವಕಾಶ. ಮೆರವಣಿಗೆಯಲ್ಲಿ ಲಾರಿಯ ಹಿಂಬದಿಯಲ್ಲಿ ಕೂತು ಬಾರಿಸಿದರು, ಆಮೇಲೆ ಈ ಮೈದಾನದ ತಾತ್ಕಾಲಿಕ ವೇದಿಕೆ ಏರಿದರು. ಚೌಕುಳಿ ಅಂಗಿ ತೊಟ್ಟ ಹದಿನಾರರ ಜಾನ್ ಲೆನನ್ ಮೈಕಿನ ಮುಂದೆ ನಿಂತಿರುವ ಫೋಟೊ ಇದೆ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆದರೆ ಆ ಜಾಗ ಇಷ್ಟು ಚಿಕ್ಕದೆಂದು ಊಹಿಸಿರಲಿಲ್ಲ. ಮೈಸೂರಿನ ಯಾವ ಬಡಾವಣೆಯ ಗಣೇಶನ ಪೆಂಡಾಲಿನ ಮುಂದೆಯೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ನಾವೂ ಮೊದಲು ಜನರ ಮುಂದೆ ನಿಂತಿದ್ದು ಗಣೇಶನ ಪೆಂಡಾಲಿನಲ್ಲೇ. ಡಾ. ರಾಜ್ ಅವರ ಎರಡು ಹಾಡು ನುಡಿಸುವುದಾದರೆ ಒಂದು ಇಂಗ್ಲಿಷ್ ಹಾಡಿಗೆ ಒಪ್ಪಿಗೆ ಎಂದು ಸಮಿತಿಯವರು ಹೇಳಿದ್ದರು. ಕ್ವಾರಿಮೆನ್ ಹುಡುಗರಿಗೂ ಇಂಥದೇ ಲೆಕ್ಕಾಚಾರವಿತ್ತು. ಅವರಿಗೆ ಜನ ಕೊಟ್ಟ ಜಾಗ ಸ್ಕಿಫಲ್‌ಗೆ. ಅವರ ಮನಸ್ಸಿದ್ದುದು ಎಲ್ವಿಸ್ ಪ್ರೀಸ್ಲಿಯ ರಾಕ್ ಅಂಡ್ ರೋಲ್ ಮೇಲೆ. ಒಂದರ ನೆರಳಲ್ಲಿ ಇನ್ನೊಂದನ್ನು ನುಸುಳಿಸುತ್ತಿದ್ದರು.

ಸ್ಕಿಫಲ್ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದಿಲ್ಲದೆ ಈ ಕಥೆಯೇ ಇಲ್ಲ. ಲೋನಿ ಡೊನೆಗನ್ ಹಾಡಿದ ರೈಲಿನ ಹಾಡೊಂದು 1956ರಲ್ಲಿ ಬ್ರಿಟನ್ನಿನ ಹುಡುಗರನ್ನೆಲ್ಲ ಹುಚ್ಚೆಬ್ಬಿಸಿತು. ಅದನ್ನು ನುಡಿಸಲು ಬೇಕಾದದ್ದು ಒಂದು ಅಗ್ಗದ ಗಿಟಾರು, ಮೂರು ಕಾರ್ಡ್‌ಗಳ ಪರಿಚಯ. ಮಿಕ್ಕಿದ್ದೆಲ್ಲ ಅಡುಗೆಮನೆ, ಬಚ್ಚಲಮನೆಯ ಸಾಮಾನು. ಬಟ್ಟೆ ಉಜ್ಜುವ ತಗಡಿನ ಹಲಗೆಯನ್ನು ಬೆರಳಿನಿಂದ ಗೀರಿದರೆ ತಾಳ. ಬೇಸ್‌ಗೆ ಚಹಾ ಪೆಟ್ಟಿಗೆ: ಬುಡಮೇಲು ಮಾಡಿದ ಪ್ಲೈವುಡ್ ಪೆಟ್ಟಿಗೆ, ಅದಕ್ಕೊಂದು ಪೊರಕೆಯ ಕೋಲು, ಕೋಲಿನ ತುದಿಯಿಂದ ಪೆಟ್ಟಿಗೆಗೆ ಬಿಗಿದ ಹುರಿ. ಭಾರತ, ಸಿಲೋನ್‌ಗಳಿಂದ ಹಡಗಿನಲ್ಲಿ ಚಹಾ ಬರುತ್ತಿದ್ದುದು ಇಂಥ ಪೆಟ್ಟಿಗೆಗಳಲ್ಲೇ. ನಮ್ಮ ಕಡೆಯ ತೋಟಗಳ ಸೊಪ್ಪು ತುಂಬಿ ಹೋದ ಪೆಟ್ಟಿಗೆ ಅಲ್ಲಿ ಖಾಲಿಯಾಗಿ ವಾದ್ಯವಾಯಿತಲ್ಲ ಎಂದು ನನಗೆ ಬಹಳ ಖುಷಿಯಾಯಿತು.

ಈ ಹುಡುಗರ ಬ್ಯಾಂಡು ಉಳಿದುಕೊಂಡಿದ್ದಕ್ಕೆ ಇನ್ನೊಂದು ಕಾರಣ ಸರ್ಕಾರದ ಕಾಗದಪತ್ರಗಳಲ್ಲಿದೆ. ಬ್ರಿಟನ್ನಿನಲ್ಲಿ ಆಗ ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ ಕಡ್ಡಾಯವಾಗಿ ಸೇನೆಯಲ್ಲಿರಬೇಕಿತ್ತು. ಆ ಪದ್ಧತಿಯನ್ನು ನಿಲ್ಲಿಸಿದಾಗ, 1939ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಅದು ತಪ್ಪಿತು. ಜಾನ್ ಹುಟ್ಟಿದ್ದು 1940ರ ಅಕ್ಟೋಬರ್‌ನಲ್ಲಿ. ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಇನ್ನೂ ಚಿಕ್ಕವರು. ಅವರಿಗಿಂತ ಸ್ವಲ್ಪ ಹಿರಿಯರ ಬ್ಯಾಂಡುಗಳು ಸರಿಯಾಗಿ ಕುದುರುವ ಹೊತ್ತಿಗೆ ಒಬ್ಬೊಬ್ಬರೇ ಬ್ಯಾರಕ್ಕಿಗೆ ಹೋಗುತ್ತಿದ್ದರು. ಈ ಹುಡುಗರು ಊರಲ್ಲೇ ಉಳಿದರು.

ಜಾತ್ರೆಯ ಸಂಜೆ, ರಸ್ತೆಯಾಚೆಯ ಚರ್ಚ್ ಹಾಲ್‌ನಲ್ಲಿ ನೃತ್ಯ ಕಾರ್ಯಕ್ರಮವಿತ್ತು. ಅದಕ್ಕೆ ಸಿದ್ಧವಾಗುವಾಗ ಐವಾನ್ ವಾನ್ ಎಂಬ ಗೆಳೆಯ ತನ್ನ ಸಹಪಾಠಿ, ಹದಿನೈದರ ಪಾಲ್‌ನನ್ನು ಕರೆತಂದ. ಪಾಲ್ ಎಡಗೈಯವನು. ಅಲ್ಲಿದ್ದುದು ಬಲಗೈಯವರ ಗಿಟಾರ್. ಅದನ್ನೇ ತಿರುಗಿಸಿ ಹಿಡಿದು ಎಡಿ ಕೊಕ್ರನ್‌ನ ಹಾಡೊಂದನ್ನು, ಒಂದು ಪದವನ್ನೂ ಬಿಡದೆ, ಪೂರ್ತಿ ಹಾಡಿದ. ಜಾನ್‌ಗೆ ಗಿಟಾರ್ ಕಲಿಸಿದ್ದು ತಾಯಿ ಜೂಲಿಯಾ. ಆಕೆಗೆ ಬರುತ್ತಿದ್ದುದು ಬ್ಯಾಂಜೊ, ಹಾಗಾಗಿ ಮಗ ಗಿಟಾರಿನಲ್ಲೂ ಬ್ಯಾಂಜೊ ಕಾರ್ಡ್‌ಗಳನ್ನೇ ಹಿಡಿಯುತ್ತಿದ್ದ. ತನಗಿಂತ ಚೆನ್ನಾಗಿ ನುಡಿಸುವವನನ್ನು ತಂಡಕ್ಕೆ ಸೇರಿಸಿಕೊಂಡರೆ ತಂಡಕ್ಕೆ ಲಾಭ, ಸೇರಿಸದಿದ್ದರೆ ತನ್ನ ನಾಯಕತ್ವ ಭದ್ರ. ಹದಿನಾರನೇ ವಯಸ್ಸಿನಲ್ಲಿ ಈ ತೂಗಾಟ ಎಷ್ಟು ಕಠಿಣವೆಂದು ಬ್ಯಾಂಡಿನಲ್ಲಿದ್ದವರಿಗೆ ಗೊತ್ತು. ಜಾನ್ ಸೇರಿಸಿಕೊಂಡ. ಇಡೀ ಲಿವರ್‌ಪೂಲ್ ಕಥೆಯಲ್ಲಿ ನನಗೆ ಅತಿ ದೊಡ್ಡದೆನಿಸುವುದು ಆ ಹುಡುಗನ ಈ ತೀರ್ಮಾನ.

ಆ ಸಂಜೆ ಬಾಬ್ ಮಾಲಿನೋ ಎಂಬವನು ತನ್ನ ಗ್ರುಂಡಿಗ್ ಟೇಪ್ ರೆಕಾರ್ಡರಿನಲ್ಲಿ ಕ್ವಾರಿಮೆನ್‌ರನ್ನು ಧ್ವನಿಮುದ್ರಿಸಿಕೊಂಡಿದ್ದ. 1994ರಲ್ಲಿ ಆ ಟೇಪು ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 78,500 ಪೌಂಡಿಗೆ ಹೋಯಿತು.

ಮಾರನೆಯ ದಿನ ನ್ಯಾಷನಲ್ ಟ್ರಸ್ಟಿನ ಮಿನಿಬಸ್ಸು. ಜಾನ್ ಬೆಳೆದ ಮನೆಗೂ ಪಾಲ್ ಬೆಳೆದ ಮನೆಗೂ ಅದರಲ್ಲೇ ಹೋಗಬೇಕು, ಒಳಗೆ ಫೋಟೊ ತೆಗೆಯುವಂತಿಲ್ಲ. ಮೆನ್‌ಲವ್ ಅವೆನ್ಯೂದ 251ನೇ ನಂಬರಿನ ಮನೆ 'ಮೆಂಡಿಪ್ಸ್'. ಜಾನ್ ಇಲ್ಲಿ ದೊಡ್ಡಮ್ಮ ಮಿಮಿಯವರ ಜೊತೆ ಬೆಳೆದ. ಅಚ್ಚುಕಟ್ಟಾದ ಮಧ್ಯಮವರ್ಗದ ಮನೆ, ಮುಂದೆ ಗಾಜು ಹಾಕಿದ ಪುಟ್ಟ ಮೊಗಸಾಲೆ. ಗಿಟಾರು ಹೊಟ್ಟೆ ಹೊರೆಯುವುದಿಲ್ಲ ಎಂದು ನಂಬಿದ್ದ ಮಿಮಿ, ಬಾರಿಸುವುದಿದ್ದರೆ ಹೊರಗೆ ಹೋಗು ಎಂದು ಅವನನ್ನು ಆ ಮೊಗಸಾಲೆಗೆ ಅಟ್ಟುತ್ತಿದ್ದರು. ಹುಡುಗರಿಗೆ ಅದೇ ವರವಾಯಿತು. ಗಾಜು, ಹೆಂಚುಗಳಿಗೆ ಬಡಿದು ದನಿ ಮರುಮೊಳಗುತ್ತಿತ್ತು. ನಾನು ಅಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿದೆ. ಸದ್ದು ನನ್ನ ಕಿವಿಯ ಪಕ್ಕದಲ್ಲೇ ಮತ್ತೆ ಎದ್ದು ಬಂತು. ಗುಂಪಿನಲ್ಲಿದ್ದ ಉಳಿದವರೂ ಒಬ್ಬೊಬ್ಬರಾಗಿ ತಟ್ಟಿದರು. ಇಬ್ಬರು ಸೇರಿದರೆ ತುಂಬಿಹೋಗುವ ಆ ಗಾಜಿನ ಗೂಡಿನೊಳಗೆ ಜಾನ್ ಮತ್ತು ಪಾಲ್ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅಭ್ಯಾಸ ಮಾಡಿದ್ದರು!

ಪಾಲ್‌ನ ಮನೆ ಫೋರ್ತ್‌ಲಿನ್ ರೋಡಿನ 20ನೇ ನಂಬರು. ಗಾಲ್ಫ್ ಮೈದಾನ ಹಾದರೆ ನಡೆದೇ ಹೋಗಬಹುದು. ನಗರಸಭೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಸಾಲುಮನೆಗಳಲ್ಲಿ ಒಂದು. ಮುಂದಿನ ಕೋಣೆಗೆ ಕಾಲಿಟ್ಟಾಗ ನನಗೆ ನಿಜಕ್ಕೂ ಮಾತು ಹೊರಡಲಿಲ್ಲ. ಒಂದು ಸೋಫಾ, ಎರಡು ಕುರ್ಚಿ, ಒಂದು ಪಿಯಾನೊ ಇಟ್ಟರೆ ಮುಗಿಯಿತು. ಹತ್ತಿ ವ್ಯಾಪಾರದ ಕಂಪನಿಯಲ್ಲಿ ದುಡಿಯುತ್ತಿದ್ದ ತಂದೆ ಜಿಮ್ ಯೌವನದಲ್ಲಿ ಸ್ವಂತ ಜಾಝ್ ತಂಡ ನಡೆಸಿದವರು. ಮಗನ ಹುಟ್ಟುಹಬ್ಬಕ್ಕೆ ಅವರು ತುತ್ತೂರಿ ಕೊಡಿಸಿದ್ದರು. ತುತ್ತೂರಿ ಊದುತ್ತಾ ಹಾಡಲಾಗದೆಂದು ಮಗ ಅದನ್ನು ಅಂಗಡಿಗೆ ಕೊಟ್ಟು ಜೆನಿತ್ ಗಿಟಾರ್ ತಂದ. ಅಪ್ಪ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ ಇಬ್ಬರೂ ತರಗತಿ ತಪ್ಪಿಸಿ ಬಂದು ಇಲ್ಲಿ ಹಾಡು ಕಟ್ಟುತ್ತಿದ್ದರು. ಒಬ್ಬ ಬಲಗೈ, ಒಬ್ಬ ಎಡಗೈ. ಎದುರುಬದುರು ಕೂತರೆ ಒಬ್ಬನ ಬೆರಳು ಇನ್ನೊಬ್ಬನಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು, ನೋಡಿ ಕಲಿಯುವುದು ಸುಲಭವಾಗುತ್ತಿತ್ತು. ಶಾಲೆಯ ನೋಟ್‌ಪುಸ್ತಕದಲ್ಲಿ ಸಾಹಿತ್ಯ ಬರೆದಿಡುತ್ತಿದ್ದರು. ರಾಗ ಬರೆದುಕೊಳ್ಳಲು ಇಬ್ಬರಿಗೂ ಬರುತ್ತಿರಲಿಲ್ಲ. ಮಾರನೆಯ ದಿನಕ್ಕೆ ನೆನಪಿದ್ದರೆ ಅದು ಹಾಡು.

ಈ ಮನೆಗೆ ಬಂದ ಮರುವರ್ಷವೇ, 1956ರ ಅಕ್ಟೋಬರ್‌ನಲ್ಲಿ, ಪಾಲ್‌ನ ತಾಯಿ ಮೇರಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆಗ ಅವನಿಗೆ ಹದಿನಾಲ್ಕು. 1958ರ ಜುಲೈ 15ರಂದು ಜಾನ್‌ನ ತಾಯಿ ಜೂಲಿಯಾ, ಮಿಮಿಯವರ ಮನೆಯಿಂದ ಹೊರಟು ರಸ್ತೆ ದಾಟುವಾಗ ಕಾರು ಬಡಿದು ಸತ್ತರು. ತನ್ನ ಮನೆಯ ಬಚ್ಚಲಲ್ಲಿ ಹುಡುಗರಿಗೆ ಅಭ್ಯಾಸ ಮಾಡಲು ಬಿಟ್ಟು, ತಾನೂ ಜೊತೆಗೆ ಬಾರಿಸಲು ಕೂರುತ್ತಿದ್ದ ತಾಯಿ ಆಕೆ. ತಾಯಿಯಿಲ್ಲದ ಇಬ್ಬರು ಹುಡುಗರು ಈ ಕೋಣೆಯಲ್ಲಿ ಕೂತು ಖುಷಿಯ ಹಾಡುಗಳನ್ನೇ ಬರೆದರು. ಆ ವಿಷಯ ಹೇಳುವಾಗ ನಮ್ಮ ಮಾರ್ಗದರ್ಶಿಯ ದನಿಯೂ ಇಳಿಯಿತು.

ಜೂಲಿಯಾ ಸಾಯುವ ಕೆಲವೇ ದಿನ ಮೊದಲು ಹುಡುಗರು ಕೆನ್ಸಿಂಗ್ಟನ್ ಎಂಬ ರಸ್ತೆಯ 38ನೇ ನಂಬರಿಗೆ ಹೋಗಿದ್ದರು. ಅಲ್ಲಿ ಪರ್ಸಿ ಫಿಲಿಪ್ಸ್ ಎಂಬುವರು ತಮ್ಮ ಮನೆಯ ಹಿಂಗೋಣೆಯಲ್ಲೇ ಧ್ವನಿಮುದ್ರಣ ಮಾಡುತ್ತಿದ್ದರು. ಒಂದು ಪೌಂಡಿಗೂ ಕಡಿಮೆ ದುಡ್ಡಿಗೆ, ಎರಡು ಹಾಡು, ಒಂದೇ ಒಂದು ತಟ್ಟೆ. ತಂಡದ ಐವರೂ ಸರದಿಯ ಮೇಲೆ ಅದನ್ನು ಮನೆಗೆ ಒಯ್ದರು. ಕೊನೆಗೆ ಪಿಯಾನೊ ನುಡಿಸಿದ್ದ ಜಾನ್ ಡಫ್ ಲೋ ಬಳಿ ಅದು ಉಳಿದು, 1981ರಲ್ಲಿ ಪಾಲ್ ಅದನ್ನು ಕೊಂಡುಕೊಂಡ. ಈಗ ಅಲ್ಲಿ ಗೋಡೆಯ ಮೇಲೊಂದು ಫಲಕ, ಕೆಳಗೆ ಓಡಾಡುವ ಬಸ್ಸುಗಳು. ನಮ್ಮದೂ ಒಂದೇ ಕ್ಯಾಸೆಟ್. ಗೆಳೆಯನ ಟೂ-ಇನ್-ಒನ್ ಅನ್ನು ಫಿಯಟ್ಟಿನ ಬಾನೆಟ್ ಮೇಲೆ ಇಟ್ಟು ಮಾಡಿದ್ದು. ಎರಡನೇ ಹಾಡಿನ ನಡುವೆ ಅಜ್ಜಿಯ ಕುಕ್ಕರ್ ಮೂರು ಸಲ ಕೂಗುತ್ತದೆ. ಹಾಡು ಮುಗಿಯುವ ಮೊದಲೇ ಕರೆಂಟು ಹೋಗಿ ಗಿಟಾರುಗಳು ನಿಂತರೂ ಟೂ-ಇನ್-ಒನ್ ಶೆಲ್ಲುಗಳ ಮೇಲೆ ಓಡುತ್ತಲೇ ಇದ್ದುದರಿಂದ, ನನ್ನ ಡ್ರಮ್ಮು ಒಂದೇ ಮುಂದುವರಿದಿರುವುದು ಅದರಲ್ಲಿ ಕೇಳುತ್ತದೆ. ಅದೂ ನಾಲ್ಕು ಮನೆ ಸುತ್ತಿತು.

ಇಷ್ಟೆಲ್ಲ ನೋಡಿದ ಮೇಲೂ ನಾನು ಕಾದಿದ್ದುದು ವೆಸ್ಟ್ ಡರ್ಬಿಗಾಗಿ. ಹೇಮನ್ಸ್ ಗ್ರೀನ್ ರಸ್ತೆಯ 8ನೇ ನಂಬರು. ಹಳೆಯ ವಿಕ್ಟೋರಿಯನ್ ಬಂಗಲೆ, ಸುತ್ತ ಮರಗಳು. ಈ ಮನೆಯ ಒಡತಿ ಮೋನಾ ಬೆಸ್ಟ್. ಹುಟ್ಟಿದ್ದು ದೆಹಲಿಯಲ್ಲಿ. ಹಿರಿಯ ಮಗ ಪೀಟ್ ಹುಟ್ಟಿದ್ದು 1941ರಲ್ಲಿ, ಮದ್ರಾಸಿನಲ್ಲಿ. ಯುದ್ಧ ಮುಗಿದ ಮೇಲೆ, ಸೈನಿಕರು ತುಂಬಿದ ಹಡಗಿನಲ್ಲಿ, 1945ರ ಕೊನೆಗೆ ಲಿವರ್‌ಪೂಲ್ ಸೇರಿದ ಕುಟುಂಬ. ಮೋನಾ 1954ರ ಡರ್ಬಿ ಕುದುರೆ ಓಟಕ್ಕೆ ತಮ್ಮ ಒಡವೆಗಳನ್ನು ಗಿರವಿ ಇಟ್ಟು 'ನೆವರ್ ಸೇ ಡೈ' ಎಂಬ ಕುದುರೆಯ ಮೇಲೆ ಹಣ ಕಟ್ಟಿದರಂತೆ. ಒಂದಕ್ಕೆ ಮೂವತ್ತಮೂರರ ಬಾಜಿ. ಲೆಸ್ಟರ್ ಪಿಗಟ್ ಸವಾರಿಯಲ್ಲಿ ಕುದುರೆ ಗೆದ್ದಿತು. ಆ ಹಣದಿಂದ ಬಂದದ್ದು ಈ ಮನೆ.

ಲಂಡನ್ನಿನ ಕಾಫಿ ಬಾರ್ ಒಂದರಲ್ಲಿ ಹುಡುಗರು ಹಾಡುವುದನ್ನು ಟಿವಿಯಲ್ಲಿ ನೋಡಿ ಮೋನಾ ತಮ್ಮ ನೆಲಮಾಳಿಗೆಯಲ್ಲೂ ಅಂಥದೊಂದು ತೆರೆಯಲು ಹೊರಟರು. ಮಗನ ಗೆಳೆಯರು ಒಟ್ಟು ಸೇರಲು ಜಾಗವಾಗಲಿ ಎಂಬ ಯೋಚನೆ. ನುಡಿಸಲು ಒಪ್ಪಿದ್ದ ತಂಡ ಜಗಳವಾಡಿ ಒಡೆಯಿತು. ಅದರಲ್ಲಿದ್ದ ಜಾರ್ಜ್ ಹೋಗಿ ಜಾನ್ ಮತ್ತು ಪಾಲ್‌ರನ್ನು ಕರೆತಂದ. ಹುಡುಗರ ಕೈಗೆ ಮೋನಾ ಮೊದಲು ಕೊಟ್ಟಿದ್ದು ಬಣ್ಣದ ಡಬ್ಬಿ ಮತ್ತು ಬ್ರಷ್ಷು.

ಆ ಬಣ್ಣ ಇನ್ನೂ ಇದೆ. ಇದನ್ನು ಕಂಡೇ ನಂಬಬೇಕು. ಕಲ್ಲಿದ್ದಲು ಸುರಿಯುತ್ತಿದ್ದ ಕೋಣೆಗಳ ತಗ್ಗು ಮಾಡು, ಕೈ ಎತ್ತಿದರೆ ತಾಗುತ್ತದೆ. ಒಂದು ಕೋಣೆಯ ಮಾಡಿನಲ್ಲಿ ಪಾಲ್ ಬಳಿದ ಕಾಮನಬಿಲ್ಲಿನ ಪಟ್ಟೆಗಳು, ಇನ್ನೊಂದರಲ್ಲಿ ನಕ್ಷತ್ರಗಳು, ಮತ್ತೊಂದರಲ್ಲಿ ಜೇಡರ ಬಲೆ. ಮುಂದೆ ಜಾನ್‌ನ ಹೆಂಡತಿಯಾದ ಸಿಂಥಿಯಾ ಬಿಡಿಸಿದ ಅವನ ಕರಿ ನೆರಳಿನ ಚಿತ್ರ ಗೋಡೆಯ ಮೇಲಿದೆ. ಬ್ರಷ್ಷಿನ ಗೆರೆ ಎಲ್ಲಿ ದಪ್ಪವಾಯಿತು, ಎಲ್ಲಿ ಬಣ್ಣ ಸೋರಿತು ಎಂಬುದೂ ಕಾಣುತ್ತದೆ. ಕೆಲಸ ವಹಿಸಿಕೊಂಡ ಹುಡುಗರ ಅವಸರವೆಲ್ಲ ಅಲ್ಲೇ ಉಳಿದಿದೆ.

1959ರ ಆಗಸ್ಟ್ 29ರಂದು ಕಾಸ್ಬಾ ಕಾಫಿ ಕ್ಲಬ್ ತೆರೆಯಿತು. ಮುನ್ನೂರರಷ್ಟು ಹುಡುಗ ಹುಡುಗಿಯರು ಬಂದರು. ಕಾಫಿ, ಕೋಕಾ-ಕೋಲಾ, ಚಿಪ್ಸ್. ಮದ್ಯವಿಲ್ಲ. ಜಾನ್, ಪಾಲ್, ಜಾರ್ಜ್, ಜೊತೆಗೆ ಕೆನ್ ಬ್ರೌನ್: ನಾಲ್ವರದೂ ಗಿಟಾರ್. ಡ್ರಮ್ಸ್ ಬಾರಿಸುವವರೇ ಇರಲಿಲ್ಲ! ಯಾರಾದರೂ ಕೇಳಿದರೆ ತಾಳ ಗಿಟಾರಿನಲ್ಲೇ ಇದೆ ಎನ್ನುತ್ತಿದ್ದರಂತೆ. ನಾನು ಆ ಮೂಲೆಯನ್ನು ಅಳೆದು ನೋಡಿದೆ. ಡ್ರಮ್ಸ್ ಇಟ್ಟರೆ ನಾಲ್ವರಲ್ಲಿ ಇಬ್ಬರು ಹೊರಗೆ ನಿಲ್ಲಬೇಕು. ವಾರವಾರದ ಆ ರಾತ್ರಿಗಳಿಗೆ ಅವರಿಗೆ ಸಿಕ್ಕುತ್ತಿದ್ದುದು ನಾಲ್ವರಿಗೂ ಸೇರಿ ಮೂರು ಪೌಂಡು. ಒಂದು ವಾರ ಕೆನ್‌ಗೆ ಹುಷಾರಿಲ್ಲದೆ ನುಡಿಸಲಾಗಲಿಲ್ಲ. ಮೋನಾ ಅವನ ಪಾಲನ್ನೂ ಕೊಟ್ಟರು. ಉಳಿದ ಮೂವರು ಮುನಿದು ಬಿಟ್ಟುಹೋದರು. ಹದಿನೈದು ಶಿಲಿಂಗಿನ ಜಗಳ. ಅವರು ಮತ್ತೆ ಬಂದಾಗ ಮೋನಾ ಬಾಗಿಲು ತೆರೆದರು. ಮಗನಿಗೆ ಡ್ರಮ್ಸ್ ಕೊಡಿಸಿದವರೂ ಅವರೇ. ಮದ್ರಾಸಿನಲ್ಲಿ ಹುಟ್ಟಿದ ಪೀಟ್ 1960ರ ಆಗಸ್ಟಿನಲ್ಲಿ ಈ ಹುಡುಗರ ಹೊಸ ಹೆಸರಿನ ತಂಡವಾದ ಬೀಟಲ್ಸ್‌ನ ಡ್ರಮ್ಮರ್ ಆಗಿ ಹ್ಯಾಂಬರ್ಗಿಗೆ ಹೊರಟ.

ಮಾರ್ಗದರ್ಶಿ ಇದೆಲ್ಲ ಹೇಳುತ್ತಿದ್ದಾಗ ನನ್ನ ತಲೆಯಲ್ಲಿದ್ದುದು ಸರಸ್ವತಿಪುರಂನ ಅಜ್ಜಿ. ಅವರಿಗೆ ನಮ್ಮ ಸಂಗೀತ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಸಂಜೆ ಐದಕ್ಕೆ ದೇವರನಾಮ ಹೇಳಿಕೊಳ್ಳುವವರು ನಮ್ಮಿಂದಾಗಿ ಅದನ್ನು ಬೆಳಗಿಗೆ ಬದಲಾಯಿಸಿಕೊಂಡಿದ್ದರು. ಪಕ್ಕದ ಮನೆಯವರು ದೂರಿಗೆ ಬಂದರೆ ಗೇಟಿನಲ್ಲೇ ನಿಲ್ಲಿಸಿ, "ಮಕ್ಕಳು ಬೀದಿ ಅಲೀದೆ ಮನೇಲಿದಾವಲ್ಲ, ಅಷ್ಟು ಸಾಕು" ಎಂದು ಕಳಿಸುತ್ತಿದ್ದರು. ಮಿಮಿಯವರ ಮೊಗಸಾಲೆ, ಜೂಲಿಯಾರ ಬಚ್ಚಲು, ಜಿಮ್ ಅವರ ಮುಂಗೋಣೆ, ಫಿಲಿಪ್ಸರ ಹಿಂಗೋಣೆ, ಮೋನಾರ ಕಲ್ಲಿದ್ದಲ ಕೋಣೆ. ಎಲ್ಲೆಲ್ಲೂ ಹಿರಿಯರೊಬ್ಬರು ಜಾಗ ಬಿಟ್ಟುಕೊಟ್ಟಿದ್ದಾರೆ, ಸದ್ದು ಸಹಿಸಿದ್ದಾರೆ. ಮುಂದೆ ಆ ಹುಡುಗರು ಏನಾದರು ಎಂಬುದು ಅವರಲ್ಲಿ ಯಾರಿಗೂ ಆಗ ತಿಳಿದಿರಲಿಲ್ಲ. ತಿಳಿಯದೆಯೇ ಕೊಟ್ಟರು. ನನ್ನ ಬೆರಗೆಲ್ಲ ಅದರ ಬಗ್ಗೆಯೇ.

ಕಾಸ್ಬಾ 1962ರ ಜೂನ್‌ನಲ್ಲಿ ಮುಚ್ಚಿತು. ಕೊನೆಯ ರಾತ್ರಿ ನುಡಿಸಿದ್ದೂ ಬೀಟಲ್ಸ್. ಆಗಸ್ಟಿನಲ್ಲಿ ಪೀಟ್‌ನನ್ನು ತಂಡದಿಂದ ತೆಗೆದರು, ರಿಂಗೋ ಸ್ಟಾರ್ ಬಂದ. ಮೋನಾರ ಮನಸ್ಸು ಎಷ್ಟು ನೊಂದಿರಬೇಕು! ಆದರೆ ಐದು ವರ್ಷಗಳ ಮೇಲೆ, 1967ರಲ್ಲಿ, 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ಮಿನ ಹೊದಿಕೆಯ ಚಿತ್ರಕ್ಕೆ ತೊಟ್ಟುಕೊಳ್ಳಲು ಜಾನ್ ಆಕೆಯನ್ನೇ ಕೇಳಿದ್ದ, ನಿಮ್ಮ ತಂದೆಯ ಸೇನಾ ಪದಕಗಳನ್ನು ಕೊಡುತ್ತೀರಾ ಎಂದು. ಭಾರತದಲ್ಲಿದ್ದಾಗ ಅವರಿಗೆ ಸಂದಿದ್ದ ಪದಕಗಳವು. ಮೋನಾ ಕೊಟ್ಟರು.

ಮ್ಯಾಥ್ಯೂ ಸ್ಟ್ರೀಟಿನಲ್ಲಿ ಮೋನಾರ ಕಿರಿಯ ಮಗ ರೋಗ್ ನಡೆಸುವ ಬೀಟಲ್ಸ್ ಮ್ಯೂಸಿಯಂನಲ್ಲಿ ಆ ಪದಕಗಳನ್ನು ನೋಡಿದೆ. ನಮ್ಮ ಶೆಡ್ಡಿನಲ್ಲಿ ಆ ಆಲ್ಬಮ್ಮಿನ ಕ್ಯಾಸೆಟ್ ಇತ್ತು. ಅಂಗೈ ಅಗಲದ ಆ ಚಿತ್ರದಲ್ಲಿ ಮುಖಗಳನ್ನು ಎಣಿಸುವುದು ನಮಗೆ ಆಟವಾಗಿತ್ತು, ಪದಕ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಾಜಿನ ಮುಂದೆ ನಿಂತೇ ವಿಷಯವನ್ನು ಹಳೆಯ ಬ್ಯಾಂಡಿನ ವಾಟ್ಸ್‌ಆ್ಯಪ್ ಗುಂಪಿಗೆ ಬರೆದು ಹಾಕಿದೆ. ಮೈಸೂರಿನಲ್ಲಿ ಆಗ ರಾತ್ರಿ ಎಂಟೂವರೆ. ಮೊದಲು ಬೇಸ್ ನುಡಿಸುತ್ತಿದ್ದವನು ಎಚ್ಚೆತ್ತ: "ನಾಲ್ವರಲ್ಲಿ ಜಾನ್ ಯಾರೋ? ಹಳದಿ ಅಂಗೀನಾ, ನೀಲೀನಾ?" ಹಳದಿ ಎಂದೆ. ನೀಲಿ ಪಾಲ್ ಎಂದು ಇನ್ನೊಬ್ಬ ದನಿಗೂಡಿಸಿದ. ಅಜ್ಜಿಯ ಮೊಮ್ಮಗ ಹೊದಿಕೆಯ ಚಿತ್ರವನ್ನು ದೊಡ್ಡದು ಮಾಡಿ ಹಳದಿ ಅಂಗಿಯ ಎದೆಯ ಸುತ್ತ ಕೆಂಪು ಗೆರೆ ಎಳೆದು ಕಳಿಸಿದ. ಅಲ್ಲಿಂದ ಮಾತು ಕಾವೇರಿ, ನಮ್ಮ ಪೆಂಡಾಲಿನ ರಾತ್ರಿ ಯಾರು ಯಾವ ಬಣ್ಣದ ಅಂಗಿ ತೊಟ್ಟಿದ್ದರು ಎಂಬಲ್ಲಿಗೆ ಬಂತು. ಮ್ಯೂಸಿಯಂ ಮುಚ್ಚುವ ಹೊತ್ತಾಯಿತೆಂದು ಸಿಬ್ಬಂದಿ ಬಂದು ಹೇಳಿದಾಗಲೂ ನಾಲ್ವರೂ ಒಟ್ಟಿಗೇ ಟೈಪ್ ಮಾಡುತ್ತಿದ್ದೆವು.